ಅರಿಶಿನದ ಕೊಂಬು, ಮಲೇರಿಯಾ ಮತ್ತು ಕಪ್ಪತಗುಡ್ಡ



ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ ಔಷಧ ಸಸ್ಯಗಳಿಗೆ ಹೆಸರಾದದ್ದು. ಯಾವ ಬೇನೆಗೆ ಯಾವ ಬೇರು ಎಂಬುದನ್ನು ಬಲ್ಲ ಹಿರಿಯರು ಗುಡ್ಡದ ಸುತ್ತಲಿನ ಊರುಗಳಲ್ಲಿದ್ದಾರೆ. ಇವರ ಅರಿವಿನ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಇದೆಲ್ಲ ಮೂಢನಂಬಿಕೆ ಎಂಬುದು ಒಂದು. ಗುಡ್ಡದ ಸೊಪ್ಪಿದ್ದರೆ ಆಸ್ಪತ್ರೆಯೇ ಬೇಡ ಎಂಬುದು ಇನ್ನೊಂದು. ಎರಡೂ ಏಕೆ ತಪ್ಪೆಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಒಂದು ಸಂಶೋಧನೆ ನೆರವಾಗುತ್ತದೆ.

ಮಲೇರಿಯಾ ತರುವುದು ಪ್ಲಾಸ್ಮೋಡಿಯಂ ಎಂಬ ಪರಾವಲಂಬಿ ಜೀವಿ. ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚಿದಾಗ ಅದು ದೇಹವನ್ನು ಸೇರಿ, ಮೊದಲು ಯಕೃತ್ತಿನಲ್ಲಿ ಬೆಳೆದು, ಅನಂತರ ರಕ್ತದ ಕೆಂಪುಕಣಗಳೊಳಗೆ ಅಡಗುತ್ತದೆ. ಅಲ್ಲಿಯೇ ಸಂಖ್ಯೆ ಹೆಚ್ಚಿಸಿಕೊಂಡು ಕಣಗಳನ್ನು ಒಡೆದು ಹೊರಬರುವಾಗ ಚಳಿಜ್ವರ ಕಾಣಿಸುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆ ಸುಮ್ಮನಿರುವುದಿಲ್ಲ. ಆದರೆ ಶತ್ರು ದೇಹದ ಕಣದೊಳಗೇ ಅಡಗಿರುವುದರಿಂದಲೂ, ಆಗಾಗ ತನ್ನ ಗುರುತನ್ನು ಬದಲಿಸುವುದರಿಂದಲೂ ಅದರ ಕೆಲಸ ಕಠಿಣವಾಗುತ್ತದೆ. ಪ್ರತಿರೋಧ ಮಿತಿಮೀರಿ ಉರಿಯೂತವಾದರೆ ರೋಗಿಗೇ ಅಪಾಯ.

1994ರಿಂದ 1998ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಜಿ. ಪದ್ಮನಾಭನ್ ಈ ಪರಾವಲಂಬಿಯನ್ನು ದೀರ್ಘಕಾಲ ಅಭ್ಯಸಿಸಿದವರು. ಅವರೂ ಪಿ. ಎನ್. ರಂಗರಾಜನ್ ಮೊದಲಾದ ಸಹೋದ್ಯೋಗಿಗಳೂ ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ವಸ್ತುವನ್ನು ಪರೀಕ್ಷೆಗೆ ತೆಗೆದುಕೊಂಡರು. ಬೆಟಗೇರಿ, ಲಕ್ಷ್ಮೇಶ್ವರಗಳ ಕಿರಾಣಿ ಅಂಗಡಿಗಳಲ್ಲಿ ಸಿಗುವ ಅದೇ ಅರಿಶಿನ. ಮಲೇರಿಯಾ ತಗುಲಿದ ಇಲಿಗಳಿಗೆ ಕರ್ಕ್ಯುಮಿನ್ ಕುಡಿಸಿದಾಗ ರಕ್ತದಲ್ಲಿನ ಪರಾವಲಂಬಿಗಳು ಶೇಕಡಾ 80ರಿಂದ 90ರಷ್ಟು ಕಡಿಮೆಯಾದವೆಂದು 2005ರಲ್ಲಿ ಪ್ರಕಟವಾಯಿತು.

ಮುಂದಿನ ಹೆಜ್ಜೆ ಇನ್ನೂ ಮಹತ್ವದ್ದು. ಆರ್ಟಿಮಿಸಿನಿನ್ ವರ್ಗದ ಔಷಧ ಪರಾವಲಂಬಿಯನ್ನು ಬೇಗ ಕೊಲ್ಲುತ್ತದೆ. ಆದರೆ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲದು. ಅಳಿದುಳಿದವು ಮತ್ತೆ ಬೆಳೆದು ರೋಗ ಮರುಕಳಿಸುತ್ತದೆ. ಅದೇ ವರ್ಗದ ಆರ್ಟೀಥರ್ ಔಷಧದ ಒಂದು ಪ್ರಮಾಣದ ಜೊತೆಗೆ ಮೂರು ಬಾರಿ ಕರ್ಕ್ಯುಮಿನ್ ಕೊಟ್ಟಾಗ ಬಹುತೇಕ ಎಲ್ಲ ಇಲಿಗಳೂ ಬದುಕಿದವು. ಕಾರಣವನ್ನು 2012ರ ಪ್ರಬಂಧ ವಿವರಿಸಿತು: ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸಿ, ಪರಾವಲಂಬಿಯ ವಿರುದ್ಧ ಪ್ರತಿಕಾಯಗಳ ಉತ್ಪತ್ತಿಯನ್ನು ಹೆಚ್ಚಿಸಿತ್ತು. ಒಂದು ಔಷಧ ಶತ್ರುವನ್ನು ಕೊಂದರೆ, ಇನ್ನೊಂದು ದೇಹದ ಕಾವಲನ್ನು ಹದಗೊಳಿಸಿತು.

ಇದು ಇಲಿಗಳಲ್ಲಿ ಕಂಡ ಫಲ ಎಂಬುದನ್ನು ಮರೆಯಬಾರದು. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಅಲ್ಪ. ಕರುಳು ಅದನ್ನು ಹೀರಿಕೊಳ್ಳುವುದೂ ಅಲ್ಪ. ಆದ್ದರಿಂದ ಚಳಿಜ್ವರ ಬಂದವರು ಅರಿಶಿನದ ಹಾಲು ಕುಡಿದು ಕಾಯುತ್ತ ಕೂರದೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ತಡವಾದರೆ ಪ್ರಾಣಕ್ಕೇ ಸಂಚಕಾರ.

ಆರ್ಟಿಮಿಸಿನಿನ್ ಕೂಡ ಗಿಡದಿಂದಲೇ ಬಂದದ್ದು. ಚೀನಾದ ವಿಜ್ಞಾನಿ ಟು ಯುಯು ಹಳೆಯ ವೈದ್ಯಗ್ರಂಥಗಳನ್ನು ಶೋಧಿಸುತ್ತಿದ್ದಾಗ, ಜ್ವರಕ್ಕೆ ಒಂದು ಬಗೆಯ ಸೊಪ್ಪನ್ನು ತಣ್ಣೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂಬ ನಾಲ್ಕನೆಯ ಶತಮಾನದ ಮಾತು ಕಣ್ಣಿಗೆ ಬಿತ್ತು. ಕುದಿಸಿದರೆ ಗುಣ ಕೆಡಬಹುದೆಂದು ಊಹಿಸಿ, ಕಡಿಮೆ ಶಾಖದಲ್ಲಿ ಸತ್ವ ತೆಗೆದು 1971ರಲ್ಲಿ ಗೆದ್ದರು. 2015ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಗಿಡದ ಹೆಸರಿನಷ್ಟೇ ಅದನ್ನು ಬಳಸುವ ಕ್ರಮವೂ ಅಮೂಲ್ಯವಾಗಿತ್ತು.

ಕಪ್ಪತಗುಡ್ಡಕ್ಕೆ 2015ರಲ್ಲಿ ದೊರೆತ ಸಂರಕ್ಷಿತ ಪ್ರದೇಶದ ಸ್ಥಾನವನ್ನು ಸರ್ಕಾರ 2016ರಲ್ಲಿ ಹಿಂತೆಗೆದುಕೊಂಡಿತು. ಜನ ಹೋರಾಡಿದ ಮೇಲೆ 2017ರಲ್ಲಿ ಅದು ಮರಳಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಗಿಡ ಉಳಿದರೂ ಅದನ್ನು ಬಲ್ಲವರ ಅರಿವು ದಾಖಲಾಗದಿದ್ದರೆ ಅರ್ಧ ಸಂಪತ್ತು ಹೋದಂತೆ. ವಿದ್ಯಾರ್ಥಿಗಳು ಹಿರಿಯರ ಬಳಿ ಕುಳಿತು, ಅವರ ಒಪ್ಪಿಗೆ ಪಡೆದು, ಯಾವ ಗಿಡ, ಯಾವ ಭಾಗ, ಯಾವ ಕಾಲದಲ್ಲಿ ಕೀಳಬೇಕು, ಹಸಿಯೋ ಕುದಿಸಿಯೋ ಎಂಬುದನ್ನು ಅವರ ಹೆಸರಿನಲ್ಲಿಯೇ ಬರೆದಿಡಲಿ. ಪರೀಕ್ಷಿಸುವ ವಿಜ್ಞಾನಿ ನಾಳೆ ಬಂದಾನು. ಅಂದು ಗುಡ್ಡದಲ್ಲಿ ಗಿಡವೂ ಇರಬೇಕು, ಊರಿನಲ್ಲಿ ಆ ಪುಸ್ತಕವೂ ಇರಬೇಕು.