ಎಫ್‌ಐಡಿ ನಂಬರು ಮತ್ತು ಪಹಣಿಯ ಹನ್ನೊಂದನೇ ಕಾಲಂ

(ತಾಲ್ಲೂಕು ರೈತ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ ವಿಚಾರ ಮಾತಾಡಬೇಕು ಅಂತ ಕರೆದಿದ್ದೀರಿ. ಬೆಲೆ ವಿಚಾರಕ್ಕೇ ಬರುತ್ತೇನೆ. ಆದರೆ ರಾಗಿ ಮಾರಲು ಖರೀದಿ ಕೇಂದ್ರಕ್ಕೆ ಹೋದರೆ ಅಲ್ಲಿಯವರು ಮೊದಲು ಕೇಳುವುದು ರಾಗಿ ಒಣಗಿದೆಯೇ ಅಂತಲ್ಲ, ನಿಮ್ಮ ಎಫ್‌ಐಡಿ ಎಷ್ಟು ಅಂತ. ಆದ್ದರಿಂದ ಆ ನಂಬರಿನಿಂದಲೇ ಶುರು ಮಾಡೋಣ.

ಫ್ರೂಟ್ಸ್ ಅಂದರೆ ಹಣ್ಣಿನ ಲೆಕ್ಕವಲ್ಲ. ರಾಜ್ಯ ಸರ್ಕಾರ ಕಂಪ್ಯೂಟರಿನಲ್ಲಿ ಇಟ್ಟಿರುವ ರೈತರ ರಿಜಿಸ್ಟರು. ನಿಮ್ಮ ಆಧಾರ್, ಬ್ಯಾಂಕ್ ಖಾತೆ, ನಿಮ್ಮ ಹೆಸರಿನ ಸರ್ವೆ ನಂಬರುಗಳು, ಮೂರನ್ನೂ ಅದು ಒಂದೇ ದಾರದಲ್ಲಿ ಪೋಣಿಸುತ್ತದೆ. ಆ ದಾರದ ಹೆಸರೇ ಎಫ್‌ಐಡಿ. ಬೆಂಬಲ ಬೆಲೆಗೆ ಇದೇ ಬೇಕು, ಸಹಾಯಧನಕ್ಕೆ ಇದೇ ಬೇಕು, ಬೆಳೆ ಸಾಲಕ್ಕೂ ಇದೇ. ಹತ್ತು ಕಚೇರಿಗೆ ಹತ್ತು ಸಲ ಜೆರಾಕ್ಸ್ ಕೊಡುವ ಕಾಟ ಕಡಿಮೆಯಾಗಿದೆ ಅನ್ನುವುದು ನಿಜ, ಅದನ್ನು ಇಲ್ಲ ಅನ್ನುವುದಿಲ್ಲ.

ಆದರೆ ಸ್ವಾಮಿ, ಈ ನಂಬರು ಗುರುತು ಹಿಡಿಯುವುದು ಉಳುವವನನ್ನಲ್ಲ, ಪಹಣಿಯಲ್ಲಿ ಹೆಸರಿದ್ದವನನ್ನು. ಅಪ್ಪ ತೀರಿಹೋಗಿ ಹತ್ತು ವರ್ಷವಾಗಿದೆ, ಪೌತಿ ಖಾತೆ ಮಾಡಿಸಿಲ್ಲ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಿದ್ದಾರೆ. ಇಂಥ ಮನೆ ನಮ್ಮ ಯಾವ ಊರಲ್ಲಿ ಇಲ್ಲ ಹೇಳಿ? ಊರಿಗೆಲ್ಲ ಅವರು ರೈತರು. ಯಂತ್ರದ ಮುಂದೆ ಅವರು ಯಾರೂ ಅಲ್ಲ. ವಾರಕ್ಕೆ ಮಾಡುವವರ ಪಾಡಂತೂ ಕೇಳಲೇಬೇಡಿ. 1974ರ ಭೂ ಸುಧಾರಣಾ ತಿದ್ದುಪಡಿ ಗೇಣಿಯನ್ನೇ ನಿಲ್ಲಿಸಿದ ಮೇಲೆ ಅವರ ಒಪ್ಪಂದ ಕಾಗದಕ್ಕೆ ಬರುವುದೇ ಇಲ್ಲ.

2023ರ ಬರ ನೆನಪು ಮಾಡಿಕೊಳ್ಳಿ. 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಕೇಂದ್ರದ ದುಡ್ಡು ಬರದೆ 2024ರ ಜನವರಿಯಲ್ಲಿ ರಾಜ್ಯವೇ ಒಬ್ಬೊಬ್ಬರಿಗೆ 2,000 ರೂಪಾಯಿವರೆಗೆ ಮೊದಲ ಕಂತು ಕೊಡಲು ಹೊರಟಿತು. ಕೊಟ್ಟದ್ದು ಈ ಫ್ರೂಟ್ಸ್ ಪಟ್ಟಿ ನೋಡಿಕೊಂಡು. ನಾಲ್ಕು ಸರ್ವೆ ನಂಬರಿನಲ್ಲಿ ಒಂದನ್ನೇ ಸೇರಿಸಿದ್ದವರಿಗೆ ಒಂದರ ಲೆಕ್ಕವೇ ಸಿಕ್ಕೀತು. ಮಳೆಯಾಶ್ರಿತ ಬೆಳೆಗೆ ಆಗಿನ ನಿಯಮದ ಪರಿಹಾರ ಹೆಕ್ಟೇರಿಗೆ 8,500, ಅಂದರೆ ಎಕರೆಗೆ ಸುಮಾರು 3,400 ರೂಪಾಯಿ. ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಬಿತ್ತನೆ ಗೊಬ್ಬರದ ಖರ್ಚಿಗೂ ಸಾಲದ ಹಣ. ಅಷ್ಟನ್ನೂ ಒಂದು ಅಕ್ಷರದ ತಪ್ಪಿಗೆ ಬಿಟ್ಟುಕೊಡಬೇಕೇ?

ಇನ್ನು ಬೆಳೆ. ನೀವು ಏನು ಬೆಳೆದಿರಿ ಅನ್ನುವುದನ್ನು ಹೇಳುವುದು ನೀವಲ್ಲ, ಬೆಳೆ ಸಮೀಕ್ಷೆಯ ಮೊಬೈಲು. 2020ರಲ್ಲಿ 'ನನ್ನ ಬೆಳೆ ನನ್ನ ಹಕ್ಕು' ಅಂತ ಹೇಳಿ ರೈತನೇ ಫೋಟೋ ತೆಗೆದು ಕಳಿಸುವ ವ್ಯವಸ್ಥೆ ಬಂತು. ನಾವು ಮಾಡದಿದ್ದರೆ ಊರಿನ ಪಿ.ಆರ್. ಹುಡುಗ ಬಂದು ಮಾಡುತ್ತಾನೆ. ಅವನು ಬದುವಿನ ಆಚೆ ನಿಂತು ಪಕ್ಕದ ಜೋಳ ತೆಗೆದನೋ, ಬೀಳು ಅಂತ ಒತ್ತಿದನೋ, ಕಣದಲ್ಲಿ ಮೂವತ್ತು ಕ್ವಿಂಟಲ್ ರಾಗಿ ಇದ್ದರೂ ನೀವು ರಾಗಿ ಬೆಳೆದಿಲ್ಲ! ಬೆಂಬಲ ಬೆಲೆ ಕೈತಪ್ಪಿತು, ದಲ್ಲಾಳಿ ಹೇಳಿದ ರೇಟಿಗೆ ಮಾರಿ ಬರಬೇಕು. ಬೆಲೆ ಬೀಳುವುದು ಪೇಟೆಯಲ್ಲಿ ಮಾತ್ರ ಅಂತ ತಿಳಿಯಬೇಡಿ. ಸಮೀಕ್ಷೆಯಲ್ಲಿ ಏನು ಬರೆದಿದೆ ಅಂತ 'ಬೆಳೆ ದರ್ಶಕ' ಆ್ಯಪಿನಲ್ಲಿ ನೋಡಬಹುದು, ಆಕ್ಷೇಪಣೆಯನ್ನೂ ಹಾಕಬಹುದು. ಆದರೆ ಪೈರು ಹೊಲದಲ್ಲಿ ನಿಂತಿರುವಾಗಲೇ ಹಾಕಬೇಕು. ಕೊಯ್ದ ಮೇಲೆ ಸಾಕ್ಷಿ ಎಲ್ಲಿಂದ ತರುತ್ತೀರಿ?

ಈಗ ಸಾಲದ ಮಾತು. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. 80ರ ದಶಕದಲ್ಲಿ ರೈತರು ಊರ ಬಾಗಿಲಲ್ಲಿ ಬೋರ್ಡು ನೆಟ್ಟಿದ್ದರು, ಅಪ್ಪಣೆ ಇಲ್ಲದೆ ಅಧಿಕಾರಿಗಳು ಒಳಗೆ ಬರಬಾರದು ಅಂತ. ಜಪ್ತಿಗೆ ಬಂದವನು ಆ ಬೋರ್ಡಿನ ಮುಂದೆ ಜೀಪು ನಿಲ್ಲಿಸಬೇಕಿತ್ತು, ಊರವರ ಮುಖ ನೋಡಬೇಕಿತ್ತು. ಈಗ ಅವನು ಬರುವುದೇ ಬೇಡ. ಮೊದಲು ಬೆಳೆ ಸಾಲಕ್ಕೆ ಡಿಕ್ಲರೇಷನ್ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ, ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದೆವು. ಈಗ ಬ್ಯಾಂಕಿನವರು ಕೂತ ಜಾಗದಿಂದಲೇ ಫ್ರೂಟ್ಸ್ ಮೂಲಕ ಕಳಿಸುತ್ತಾರೆ, ನಿಮ್ಮ ಪಹಣಿಯ ಹನ್ನೊಂದನೇ ಕಾಲಮ್ಮಿನಲ್ಲಿ ಋಣ ಬಂದು ಕೂರುತ್ತದೆ. ಅಲೆದಾಟ ತಪ್ಪಿತು, ಒಳ್ಳೆಯದೇ. ಆದರೆ ಸಾಲ ತೀರಿದ ಮೇಲೆ ಆ ಋಣ ತಾನಾಗಿ ಎದ್ದು ಹೋಗುವುದಿಲ್ಲ. ಬ್ಯಾಂಕಿನವರೇ ತೆಗೆಸಿ ಕಳಿಸಬೇಕು. ಹಾಕುವಾಗ ಇರುವ ಅವಸರ ತೆಗೆಯುವಾಗಲೂ ಇರಬೇಕೆಂದು ನಾವು ಕೇಳಬೇಕು. ಕಂತು ಕಟ್ಟಿದ ರಸೀತಿ ಜೊತೆ ಋಣ ತೀರಿದ ಪಹಣಿಯೂ ಕೈಗೆ ಬರುವವರೆಗೆ ಬ್ಯಾಂಕಿನ ಬೆಂಚು ಬಿಟ್ಟು ಏಳಬೇಡಿ.

2018ರ ಸಾಲ ಮನ್ನಾದಲ್ಲೂ ಹೀಗೇ ಆಯಿತಲ್ಲ. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಪಹಣಿಯಲ್ಲಿ ಅಪ್ಪನದ್ದು ಅಂತಾಗಿ ಎಷ್ಟೋ ಜನ ಪಟ್ಟಿಯ ಹೊರಗೆ ನಿಂತರು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರವೂ 2,817 ಕೋಟಿಯ ಡಿಜಿಟಲ್ ಕೃಷಿ ಮಿಷನ್ನಿಗೆ ಒಪ್ಪಿಗೆ ಕೊಟ್ಟು 11 ಕೋಟಿ ರೈತರಿಗೆ ಗುರುತಿನ ನಂಬರು ಕೊಡುವ ಗುರಿ ಇಟ್ಟಿತು. ಇಲ್ಲಿನ ತಪ್ಪು ಇಲ್ಲೇ ಸರಿಯಾಗದಿದ್ದರೆ ಅದು ದೆಹಲಿವರೆಗೂ ಹೋಗುತ್ತದೆ. ಅಲ್ಲಿ ಯಾವ ಗ್ರಾಮ ಲೆಕ್ಕಿಗನ ಕೊರಳಪಟ್ಟಿ ಹಿಡಿಯೋಣ?

ನಮ್ಮ ಬೇಡಿಕೆ ಕಷ್ಟದ್ದೇನಲ್ಲ. ಕಂಪ್ಯೂಟರು ಒಪ್ಪಲಿಲ್ಲ ಅನ್ನುವ ಉತ್ತರ ನಡೆಯುವುದಿಲ್ಲ. ರಾಗಿ ಬೇಡ ಅಂದರೆ, ಪರಿಹಾರ ಇಲ್ಲ ಅಂದರೆ, ಕಾರಣ ಬರೆದು ಸಹಿ ಹಾಕಿ ಕೊಡಬೇಕು. ಬೆಳೆ ತಪ್ಪು ದಾಖಲಾಗಿದ್ದರೆ ಖರೀದಿ ಮುಗಿಯುವುದರೊಳಗೆ ಹೊಲಕ್ಕೆ ಬಂದು ನೋಡಬೇಕು. ಪೌತಿ ಖಾತೆಗೆ ನಾಡಕಚೇರಿಯವರು ಊರಿಗೇ ಬಂದು ಕೂರಬೇಕು, ವಂಶವೃಕ್ಷಕ್ಕೆ ಕಾಸು ಕೇಳಬಾರದು.

ಇವತ್ತು ಮನೆಗೆ ಹೋಗಿ ಪಹಣಿ ತೆಗೆದು ನೋಡಿ. ಎಫ್‌ಐಡಿ ಗೊತ್ತಿಲ್ಲದವರು ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ, ಎಲ್ಲ ಸರ್ವೆ ನಂಬರೂ ಸೇರಿವೆಯೇ ಅಂತ ಒಂದೊಂದಾಗಿ ಓದಿಸಿ. ಬಿಟ್ಟುಹೋದದ್ದು, ತಪ್ಪಾದದ್ದು, ತೀರಿದರೂ ಉಳಿದ ಋಣ, ಎಲ್ಲವನ್ನೂ ಊರುವಾರು ಬರೆದುಕೊಂಡು ಬರುವ ಸಭೆಗೆ ತನ್ನಿ. ಆ ಪಟ್ಟಿ ಹಿಡಿದೇ ತಹಸೀಲ್ದಾರರ ಹತ್ತಿರ ಹೋಗುವುದು.