ಬಿತ್ತುವ ಮುನ್ನ

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಜಿಂಕೆಗಳ ಮೇವಿಗೆಂದೇ ಕಾಡಂಚಿನಲ್ಲಿ ಕ್ಲೋವರ್ ಎಂಬ ಗಿಡ ಬಿತ್ತುವವರಿದ್ದಾರೆ. ಅವರಲ್ಲಿ ಹಲವರು ಬೇಟೆಗಾರರೇ. ಅಲ್ಲಿ ಬಹಳಷ್ಟು ಕಡೆ ಮಣ್ಣು ಹುಳಿ. ನಮ್ಮ ಮಲೆನಾಡಿನಂತೆ ಅಲ್ಲೂ ಮಳೆ ಸುಣ್ಣದಂಶವನ್ನು ತೊಳೆದೊಯ್ದಿದೆ. ಹುಳಿಯ ಅಳತೆಯಾದ ರಸಸಾರ (pH) 5.5ಕ್ಕಿಂತ ಕೆಳಗಿಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರು ಮೊಟಕಾಗುತ್ತದೆ. ರಂಜಕವಿದ್ದರೂ ಗಿಡಕ್ಕೆ ದಕ್ಕದು. ಬೇರುಗಂಟುಗಳಲ್ಲಿ ಸಾರಜನಕ ಹಿಡಿದುಕೊಡುವ ಸೂಕ್ಷ್ಮಜೀವಿಗಳೂ ಸೊರಗುತ್ತವೆ. ಆಗ ಸುರಿದ ಗೊಬ್ಬರದಲ್ಲಿ ಒಂದು ಪಾಲು ದಂಡ. ಹಾಗಾಗಿ ಮೊದಲು ಮಣ್ಣು ಪರೀಕ್ಷೆ, ಆಮೇಲೆ ತಕ್ಕಷ್ಟು ಸುಣ್ಣದ ಕಲ್ಲಿನ ಪುಡಿ ಬೆರೆಸಿ ಕೆಲವು ತಿಂಗಳು ಕಾಯುವುದು, ಬಿತ್ತನೆ ಕೊನೆಗೆ.

ಮಾತೂ ಬಿತ್ತನೆಯಂತೆಯೇ. ಆದರೆ ಮಕ್ಕಳಿಗೆ ಬುದ್ಧಿ ಹೇಳುವಾಗ, ಮುನಿದವರೊಡನೆ ಮಾತಿಗೆ ಕೂರುವಾಗ ನಾವು ನೇರ ಬಿತ್ತನೆಗೇ ಇಳಿಯುತ್ತೇವೆ. ಮೊಳೆಯದಿದ್ದರೆ ನೆಲವನ್ನು ದೂರುತ್ತೇವೆ. ಇಂದು ಯಾರಿಗಾದರೂ ಏನಾದರೂ ಹೇಳುವುದಿದ್ದರೆ, ಮೊದಲು ಅವರ ಮಾತನ್ನು ಕೇಳಿಸಿಕೊಳ್ಳೋಣ.