ಸಿಪಾಯಿ ಯಾರ ಮಗ?

(ಕ್ಯಾಸಂಬಳ್ಳಿಯ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣ)



ಸೈನ್ಯದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಇಲ್ಲಿಯ ಯುವಕರು ಕೇಳಿದ್ದಾರೆ. ಈ ವಿಷಯ ಎತ್ತಿದ ಕೂಡಲೇ ನಮ್ಮಲ್ಲಿ ಎರಡು ಬಗೆಯ ಮಾತು ಹೊರಡುತ್ತದೆ. ಸಿಪಾಯಿ ದೇವರ ಸಮಾನ, ಸೈನ್ಯದ ವಿಷಯದಲ್ಲಿ ಪ್ರಶ್ನೆ ಕೇಳಕೂಡದು ಎಂಬುದು ಒಂದು. ಸೈನ್ಯವೆಲ್ಲಾ ದೊಡ್ಡವರ ದಂಡು, ಬಡವನಿಗೆ ಅದರಿಂದ ಆಗಬೇಕಾದ್ದೇನು ಎಂಬುದು ಇನ್ನೊಂದು. ಎರಡೂ ಯೋಚನೆ ಮಾಡದವರ ಮಾತು. ಸಿಪಾಯಿ ರೈತನ ಮಗ, ಕೂಲಿಯವನ ಮಗ, ಸಣ್ಣ ಅಂಗಡಿಯವನ ಮಗ. ಆದ್ದರಿಂದ ಮೂರು ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಅವನ ಕೈಯ ಬಂದೂಕು ಯಾರ ಕಡೆಗೆ ತಿರುಗುತ್ತದೆ? ಅದರ ಲಗಾಮು ಯಾರ ಕೈಯಲ್ಲಿದೆ? ಕೆಲಸ ಮುಗಿದ ಮೇಲೆ ಅವನನ್ನು ಹೇಗೆ ಮನೆಗೆ ಕಳುಹಿಸುತ್ತಾರೆ?

ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ಚಿನ್ನದ ಗಣಿಯ ಚರಿತ್ರೆ ಸಾಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. ಮುಂದೆ ಗಣಿಯ ದೊರೆಗಳಿಗೆ ಅವರದೇ ಒಂದು ಪಡೆ ಇತ್ತು. ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಎಂದು ಅದರ ಹೆಸರು. ಅದು ಸೇರಿದ್ದ ಆಕ್ಸಿಲಿಯರಿ ಫೋರ್ಸ್‌ನ 1920ರ ಕಾಯಿದೆಯ ಪ್ರಕಾರ ಯುರೋಪಿಯನ್ನರು, ಆಂಗ್ಲೋ-ಇಂಡಿಯನ್ನರು ಮಾತ್ರ ಅಂಥ ಪಡೆಯಲ್ಲಿ ಬಂದೂಕು ಹಿಡಿಯಬಹುದಾಗಿತ್ತು. ಭೂಮಿಯೊಳಗೆ ಇಳಿದು ಚಿನ್ನ ತೆಗೆಯುವವನಿಗೆ ಆ ಬಂದೂಕನ್ನು ಮುಟ್ಟುವ ಹಕ್ಕಿರಲಿಲ್ಲ. ಚಿನ್ನದ ಗಣಿಗೆ ಯಾವ ದೇಶದ ದಂಡು ಏರಿ ಬರುವುದಿತ್ತು? ಯಾರಿಗೆ ಹೆದರಿ ಆ ಪಡೆ ಕಟ್ಟಿದರು? ಉತ್ತರ ನಿಮಗೇ ಹೊಳೆಯುತ್ತದೆ.

1930ರಲ್ಲಿ ಗಣಿ ಕೆಲಸಗಾರರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ, ನಾವೇನು ಕಳ್ಳರೇ ಎಂದು ಅವರು ಕೆಲಸ ನಿಲ್ಲಿಸಿದರು. ಕಂಪನಿ ಹಿಂದೆಗೆಯಬೇಕಾಯಿತು. 1946ರ ನವೆಂಬರ್ 4ರಂದು ಮುಷ್ಕರದ ಕಾಲದಲ್ಲಿ ಗುಂಡು ಹಾರಿತು. ಆರು ಮಂದಿ ಕೆಲಸಗಾರರು ಸತ್ತರು. ಅದಕ್ಕೂ ಮೊದಲು, 1938ರ ಏಪ್ರಿಲ್ 25ರಂದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ನೆರೆದ ಜನರ ಮೇಲೆ ಗುಂಡು ಹಾರಿಸಿದರು.

ಅಲ್ಲಿ ಗುಂಡು ಹಾರಿಸಿದ್ದು ಪೋಲೀಸರು, ಸೈನ್ಯವಲ್ಲ ಎನ್ನಬಹುದು. ನಿಜ. ಆದರೆ ಪೋಲೀಸರ ಕೈಲಿ ಆಗದಿದ್ದರೆ ಗುಂಪನ್ನು ಚದರಿಸಲು ಸೈನ್ಯವನ್ನು ಕರೆಯುವ ಅಧಿಕಾರ ಆಗಿನ ಕಾಯಿದೆಯಲ್ಲಿಯೂ ಇತ್ತು, ಈಗಿನ ಕಾಯಿದೆಯಲ್ಲಿಯೂ ಇದೆ. ಆದಷ್ಟು ಕಡಿಮೆ ಬಲ ಬಳಸಬೇಕು, ಆದಷ್ಟು ಕಡಿಮೆ ಹಾನಿ ಮಾಡಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. ಈ ಎರಡನೆಯ ಮಾತನ್ನು ಪ್ರತಿಯೊಬ್ಬ ಕೆಲಸಗಾರನೂ ಬಾಯಿಪಾಠ ಮಾಡಿಕೊಳ್ಳಬೇಕು. ಗಡಿ ಕಾಯಲು ಕೊಟ್ಟ ಬಂದೂಕು ಗಿರಣಿ ಬಾಗಿಲಿಗೆ ಬರಬಾರದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಕುಸಿದಾಗ ಸೈನಿಕರು ಬಂದು ಜನರನ್ನು ಎತ್ತಿ ತಂದರಲ್ಲ, ಹಾಗೆ ಬರಲಿ. ಮನೆಯ ಮಗ ಬಂದನೆಂದು ಬರಮಾಡಿಕೊಳ್ಳೋಣ.

ಇನ್ನು ಲಗಾಮಿನ ಪ್ರಶ್ನೆ. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದ ಸವಾರರ ಜೊತೆ ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ತುರ್ಕಿಯವರಿಂದ ಗೆದ್ದರು. ಅವರ ಧೈರ್ಯದ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಆ ಯುದ್ಧ ಬೇಕೇ ಬೇಡವೇ ಎಂದು ಮೈಸೂರು ಸೀಮೆಯ ರೈತನನ್ನು ಕೇಳಿದವರಿರಲಿಲ್ಲ. ನೆತ್ತರು ನಮ್ಮದು, ಅಪ್ಪಣೆ ಇನ್ನೊಬ್ಬರದು. 1949ರ ಜನವರಿ 15ರಂದು ಕೊಡಗಿನ ಕಾರಿಯಪ್ಪನವರು ಭಾರತದ ದಂಡಿನ ಮುಖ್ಯಸ್ಥರಾದಾಗ ಅಧಿಕಾರ ನಮ್ಮವರ ಕೈಗೆ ಬಂತು. ಬರಿಯ ಮನುಷ್ಯ ಬದಲಾದದ್ದಷ್ಟೇ ಅಲ್ಲ. ಜನ ಆರಿಸಿದ ಸರ್ಕಾರದ ಮಾತನ್ನು ದಂಡು ಕೇಳಬೇಕೆಂಬ ನಿಯಮವೂ ನಿಂತಿತು. ಈ ನಿಯಮದ ಬೆಲೆ ಅಕ್ಕಪಕ್ಕ ನೋಡಿದರೆ ತಿಳಿಯುತ್ತದೆ. ಪಾಕಿಸ್ತಾನದಲ್ಲಿ 1958, 1977, 1999ರಲ್ಲಿ, ಬರ್ಮಾದಲ್ಲಿ 1962ರಲ್ಲಿ, ಮತ್ತೆ 2021ರಲ್ಲಿ ಸೇನಾಪತಿಗಳು ಗದ್ದುಗೆ ಏರಿದರು. ದಂಡಿನವರು ದರ್ಬಾರು ನಡೆಸುವ ಕಡೆ ಕೆಲಸಗಾರರ ಸಂಘಕ್ಕೆ ಉಳಿಗಾಲವಿಲ್ಲ.

ನಮ್ಮಲ್ಲಿ ಹಾಗಾಗಿಲ್ಲವೆಂದು ನಿದ್ದೆ ಮಾಡಬಾರದು. ಚುನಾವಣೆಯ ಭಿತ್ತಿಪತ್ರಗಳಲ್ಲಿ ಸೈನಿಕರ ಚಿತ್ರ ಹಾಕಬೇಡಿರೆಂದು ಚುನಾವಣಾ ಆಯೋಗ 2013ರಲ್ಲಿ ಹೇಳಿತು. 2019ರಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಸಿಪಾಯಿಯ ನೆತ್ತರನ್ನು ಓಟಿನ ಅಂಗಡಿಯಲ್ಲಿ ತೂಗುವವರು ಯಾವ ಪಕ್ಷದವರಾದರೂ ಅವರನ್ನು ತಡೆದು ಕೇಳಿ.

ಅಂಗಡಿಬೀದಿಯ ಮಿತ್ರರಿಗೂ ಒಂದು ಮಾತು. ಯುದ್ಧದ ಖರ್ಚು ಗಡಿಯಲ್ಲಿ ನಿಲ್ಲುವುದಿಲ್ಲ. 1962ರ ಚೀಣಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ, ಚಿನ್ನದ ನಿಯಂತ್ರಣ ಬಂತು. 14 ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಒಡವೆ ಮಾಡಕೂಡದೆಂದು ಆಜ್ಞೆಯಾಯಿತು. ಸಾಹುಕಾರನ ಪೆಟ್ಟಿಗೆಯ ಚಿನ್ನ ಪೆಟ್ಟಿಗೆಯಲ್ಲೇ ಉಳಿಯಿತು. ಕುಲುಮೆ ಆರಿದ್ದು ಬಡ ಅಕ್ಕಸಾಲಿಗನದು. ದೇಶಕ್ಕಾಗಿ ತ್ಯಾಗ ಮಾಡಿರಿ ಎಂಬ ಕೂಗು ಬಂದಾಗಲೆಲ್ಲಾ, ಯಾರ ಪಾಲಿಗೆ ಎಷ್ಟು ಎಂದು ಲೆಕ್ಕ ಕೇಳುವುದು ದ್ರೋಹವಲ್ಲ.

ಈಗ ಮೂರನೆಯ ಪ್ರಶ್ನೆ. ನಮ್ಮ ಮನೆಗಳಲ್ಲಿ ಇಂದು ಸುಡುತ್ತಿರುವುದು ಇದೇ. ನಮ್ಮ ದೇಶದಲ್ಲಿ ಕಡ್ಡಾಯ ಸೈನ್ಯಸೇವೆ ಇಲ್ಲ. 1939-45ರ ಮಹಾಯುದ್ಧದಲ್ಲಿಯೂ ಸುಮಾರು 25 ಲಕ್ಷ ಭಾರತೀಯರು ತಾವಾಗಿಯೇ ಸೇರಿದವರೆಂದು ಲೆಕ್ಕ. ತಾವಾಗಿಯೇ ಎಂದರೇನು? ನಾನು ಮೇಷ್ಟ್ರಾಗಿದ್ದಾಗ, ದಂಡಿಗೆ ಸೇರುತ್ತೇನೆ ಸಾರ್ ಎನ್ನುತ್ತಿದ್ದವರು ಹೆಚ್ಚಾಗಿ ತುಂಡು ಭೂಮಿಯವರ ಮಕ್ಕಳು, ಕೂಲಿ ಮನೆಯ ಮಕ್ಕಳು. ದೊಡ್ಡ ಮಂಡಿ ಸಾಹುಕಾರರ ಮಗನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದಿಲ್ಲ. ಸರ್ಕಾರದ ಕಡ್ಡಾಯ ಇಲ್ಲದಿದ್ದರೂ ಹೊಟ್ಟೆಯ ಕಡ್ಡಾಯ ಇದ್ದೇ ಇದೆ.

ಹಳೆಯ ಕ್ರಮದಲ್ಲಿ ಹೀಗೆ ಸೇರಿದವನಿಗೆ ಒಂದು ಭರವಸೆ ಇತ್ತು. ಹದಿನೈದು ವರ್ಷ ದುಡಿದರೆ ಬದುಕಿರುವ ತನಕ ಪಿಂಚಣಿ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ಅದರಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ನೂರಕ್ಕೆ 25 ಮಂದಿಯವರೆಗೆ ಉಳಿಸಿಕೊಳ್ಳುವುದು, ಮಿಕ್ಕವರನ್ನು ಮನೆಗೆ ಕಳುಹಿಸುವುದು. ಮೊದಲ ವರ್ಷ ತಿಂಗಳಿಗೆ ಕೈಗೆ ಬರುವ ಹಣ 21,000 ರೂಪಾಯಿ. ಹೊರಡುವಾಗ ಸುಮಾರು 11.71 ಲಕ್ಷ ರೂಪಾಯಿ ಇಡಿಗಂಟು. ಅದರಲ್ಲಿ ಸುಮಾರು 5 ಲಕ್ಷ ಅವನ ಸಂಬಳದಿಂದಲೇ ತಿಂಗಳು ತಿಂಗಳು ಹಿಡಿದ ಹಣ, ಅಷ್ಟೇ ಹಣ ಸರ್ಕಾರದ್ದು, ಉಳಿದದ್ದು ಬಡ್ಡಿ. ಪಿಂಚಣಿ ಇಲ್ಲ, ಗ್ರಾಚುಯಿಟಿ ಇಲ್ಲ. ಸೇವೆಯಲ್ಲಿ ಸತ್ತರೆ 48 ಲಕ್ಷದ ವಿಮೆ ಉಂಟು. ಆದರೆ ಯೋಜನೆ ಹೊರಟಾಗಿನ ನಿಯಮದಲ್ಲಿ ಹೆಂಡತಿಗೋ ತಾಯಿಗೋ ಕುಟುಂಬ ಪಿಂಚಣಿ ಇರಲಿಲ್ಲ.

ಸೈನ್ಯ ಎಳೆಯರದ್ದಾಗಬೇಕು, ಪಿಂಚಣಿಯ ಭಾರ ಇಳಿಯಬೇಕು, ಹೊರಬಂದವರಿಗೆ ಪೋಲೀಸು ಪಡೆಗಳಲ್ಲಿ ಮೀಸಲಾತಿ ಇದೆ ಎಂದು ಸರ್ಕಾರದ ಪರವಾಗಿ ಹೇಳುತ್ತಾರೆ. ಎಳೆಯರು ಬೇಕೆಂಬುದು ನ್ಯಾಯವೇ. ಆದರೆ ಹೊಸ ಆಳು ಬಂದನೆಂದು ಹಳೆಯ ಆಳಿನ ಕೈಬಿಡುವುದು ಯಾವ ನ್ಯಾಯ? ಗುತ್ತಿಗೆ ಕೂಲಿ ಎಂದರೇನೆಂದು ಕಾರ್ಖಾನೆಯಲ್ಲಿ ದುಡಿಯುವ ನಿಮಗೆ ನಾನು ವಿವರಿಸಬೇಕಾಗಿಲ್ಲ. ಇಡಿಗಂಟು ಎಂದರೇನೆಂದೂ ಹೇಳಬೇಕಾಗಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದಾಗ ಗಂಟು ಕೊಟ್ಟು ಕಳುಹಿಸಿದ ಮನೆಗಳು ನಮ್ಮ ಸುತ್ತಲೇ ಇವೆ. ಗಂಟು ಸಾಲಕ್ಕೆ, ಮದುವೆಗೆ, ಆಸ್ಪತ್ರೆಗೆ ಕರಗುತ್ತದೆ. ಆಮೇಲೆ ಆ ಮನೆಗಳ ಮಕ್ಕಳು ಬೆಳಗಿನ ಜಾವಕ್ಕೇ ಎದ್ದು ಬೆಂಗಳೂರಿನ ರೈಲು ಹಿಡಿಯುತ್ತಾರೆ. ಇಪ್ಪತ್ತೊಂದು, ಇಪ್ಪತ್ತೆರಡನೆಯ ವಯಸ್ಸಿಗೆ ದಂಡಿನಿಂದ ಹಿಂತಿರುಗುವ ಹುಡುಗನೂ ಬಂಗಾರಪೇಟೆಯ ಅದೇ ಪ್ಲಾಟ್‌ಫಾರಂನಲ್ಲಿ ನಿಲ್ಲಬೇಕೇ?

ನೀವು ಮುಷ್ಕರ ಹೂಡಬಲ್ಲಿರಿ, ಸಿಪಾಯಿ ಹೂಡಲಾರ. ಸೈನಿಕರ ಹಕ್ಕುಗಳನ್ನು ಮಿತಗೊಳಿಸಲು ಸಂವಿಧಾನದ 33ನೆಯ ವಿಧಿ ಅವಕಾಶ ಕೊಡುತ್ತದೆ. ಅವನು ಸಂಘ ಕಟ್ಟುವಂತಿಲ್ಲ. ಬಂದೂಕು ಹಿಡಿದವನಿಗೆ ಶಿಸ್ತು ಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಹಾಗಾದರೆ ಅವನ ಪರವಾಗಿ ಮಾತನಾಡುವವರು ಯಾರು? 1946ರ ಫೆಬ್ರವರಿ 18ರಂದು ಮುಂಬಯಿಯಲ್ಲಿ ನೌಕಾದಳದ ನಾವಿಕರು ಕೆಟ್ಟ ಊಟಕ್ಕೂ ಅಧಿಕಾರಿಗಳ ಬೈಗುಳಕ್ಕೂ ಬೇಸತ್ತು ಎದ್ದು ನಿಂತರು. ನಾಲ್ಕು ದಿನಗಳಲ್ಲಿ ಆ ಊರಿನ ಗಿರಣಿ ಕೆಲಸಗಾರರು ಮಗ್ಗ ನಿಲ್ಲಿಸಿ ಅವರ ಬೆಂಬಲಕ್ಕೆ ಬೀದಿಗೆ ಬಂದರು. ಬ್ರಿಟಿಷರ ಗುಂಡಿಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸಮವಸ್ತ್ರದೊಳಗಿರುವವನು ತಮ್ಮವನೇ ಎಂದು ಅವರು ಗುರುತಿಸಿದರು. ಈಗ ಸ್ವರಾಜ್ಯ ಬಂದಿದೆ. ಅವನು ದಂಗೆ ಏಳಬೇಕಾಗಿಲ್ಲ. ಅವನ ಮಾತನ್ನು ನಾವು ಸಭೆಯಲ್ಲಿ, ಅರ್ಜಿಯಲ್ಲಿ, ಓಟಿನಲ್ಲಿ ಆಡಬೇಕು.

ಹಾಗಾದರೆ ಹುಡುಗರು ಸೈನ್ಯಕ್ಕೆ ಹೋಗಬಾರದೇ ಎಂದು ತಾಯಂದಿರು ಕೇಳಬಹುದು. ಮನಸ್ಸಿದ್ದವನು ಹೋಗಲಿ, ತಲೆಯೆತ್ತಿ ಹೋಗಲಿ. ಬೇರೆ ದಾರಿ ಇಲ್ಲದೆ ಹೋಗುವಂತಾಗಬಾರದು. ಅದಕ್ಕೆ ಈ ತಾಲ್ಲೂಕಿನಲ್ಲೇ ಕೆಲಸ ಹುಟ್ಟಬೇಕು. ದಂಡಿನಿಂದ ಬಂದವನಿಗೆ ಪಿಂಚಣಿಯೋ ಕಾಯಂ ಕೆಲಸವೋ ಬರಹದಲ್ಲಿ ಸಿಗಬೇಕು. ಸತ್ತವನ ಮನೆಗೆ, ಅವನು ನಾಲ್ಕು ವರ್ಷದವನಾಗಲಿ ಹದಿನೈದು ವರ್ಷದವನಾಗಲಿ, ಒಂದೇ ಪಿಂಚಣಿ ಸಲ್ಲಬೇಕು. ಗುಂಡು ಕರಾರು ಪತ್ರ ನೋಡಿ ತಾಗುವುದಿಲ್ಲ. ಮುಂದಿನ ಬಾರಿ ಓಟು ಕೇಳಲು ಬಂದವರನ್ನು ಕೂರಿಸಿ, ನೀರು ಕೊಟ್ಟು, ಈ ಮಾತುಗಳನ್ನು ಕೇಳಿ. ಉತ್ತರ ಬರುವ ತನಕ ಬಿಡಬೇಡಿ.